ಒಂದು ಕಾರ್ಡು, ಇಬ್ಬರು ಪುಟ್ಟಮಲ್ಲಪ್ಪ

ರಾವಂದೂರಿನ ಶಿವನಂಜಮ್ಮ ಹಸೆಯ ಮೇಲೆ ಕೂತಾಗ ಒಗಟು ಕಟ್ಟಿ ಗಂಡನ ಹೆಸರು ಹೇಳಿದ್ದಳು. ಅದು ಬಿಟ್ಟರೆ ಹದಿನಾರು ವರ್ಷ ಆ ಹೆಸರು ಅವಳ ಬಾಯಿಂದ ಬರಲಿಲ್ಲ. ಗಂಡನ ಹೆಸರು ಹೇಳಿದರೆ ಅವನ ಆಯಸ್ಸು ಕಡಿಮೆಯಾಗುತ್ತದೆ ಎಂದು ತಾಯಿ ಹೇಳಿಕೊಟ್ಟಿದ್ದಳು. ಹೇಳದೆಯೂ ಕಡಿಮೆಯಾಗುತ್ತದೆ ಎಂದು ತಾಯಿಗೆ ಗೊತ್ತಿರಲಿಲ್ಲ.

ಗಂಡ ಪುಟ್ಟಮಲ್ಲಪ್ಪ ಬೆಂಗಳೂರಿನ ಒಂದು ನೂಲಿನ ಮಿಲ್ಲಿನಲ್ಲಿ ಕೆಲಸಕ್ಕಿದ್ದ. ವರ್ಷಕ್ಕೆ ಎರಡು ಸಲ ಊರಿಗೆ ಬರುತ್ತಿದ್ದ. ಐವತ್ತೊಂಬತ್ತನೇ ಇಸವಿಯ ಸುಗ್ಗಿಯಲ್ಲಿ ಬಂದವನು ಮತ್ತೆ ಹೋಗಲಿಲ್ಲ. ಹತ್ತಿಯ ಧೂಳು ಎದೆಯಲ್ಲಿ ಕೂತಿತ್ತು. ಅವನು ಕೆಮ್ಮಿದರೆ ಬೀದಿಯ ಆ ತುದಿಯವರು ಮಾತು ನಿಲ್ಲಿಸುತ್ತಿದ್ದರು.

ಅವನ ಟ್ರಂಕಿನಲ್ಲಿ ಎರಡು ಷರಟು ಮತ್ತು ಒಂದು ಕಾರ್ಡು ಇದ್ದವು. ಹಿಂದಿನ ವರ್ಷ ಮಿಲ್ಲಿನವರಿಗೆಲ್ಲ ಸರ್ಕಾರದ ವಿಮೆ ಬಂದಿತ್ತು. ಸಂಬಳದಲ್ಲಿ ಒಂದಿಷ್ಟು ಹಿಡಿಯುತ್ತಾರೆ, ಕಾಯಿಲೆಯಾದರೆ ಡಾಕ್ಟರು ನೋಡಿ ಔಷಧಿ ಕೊಡುತ್ತಾರೆ ಎಂದು ಅವನು ಮನೆಯವರಿಗೆ ತಿಳಿಸಿದ. ಹಾಗಾದರೆ ಬಿಟ್ಟಿ ಅನ್ನಿ ಎಂದ ತಮ್ಮ ಕಂಠಪ್ಪ. ಮುಂಗಡ ಕೊಟ್ಟಿದ್ದು ಬಿಟ್ಟಿ ಹೇಗಾಗುತ್ತದೆ ಎಂದು ಪುಟ್ಟಮಲ್ಲಪ್ಪ ರೇಗಿದ. ರೇಗಿದ್ದಕ್ಕೆ ಅರ್ಧ ಗಂಟೆ ಕೆಮ್ಮಿದ.

ಬೆಂಗಳೂರಿಗೆ ಹೋಗಿ ತೋರಿಸುವಷ್ಟು ಉಸಿರು ಅವನಲ್ಲಿ ಉಳಿದಿರಲಿಲ್ಲ. ಹತ್ತಿರದಲ್ಲೇ ಕಾರ್ಡು ಒಪ್ಪುವ ಒಬ್ಬ ಡಾಕ್ಟರು ಸಿಗಬೇಕಿತ್ತು. ಸಿಗದಿದ್ದರೆ ಗಂಡ ಉಳಿಯುವುದಿಲ್ಲ ಎಂದು ಶಿವನಂಜಮ್ಮನಿಗೆ ಗೊತ್ತಿತ್ತು. ಕಾರ್ಡನ್ನು ಬಟ್ಟೆಯಲ್ಲಿ ಸುತ್ತಿ ಕುಪ್ಪಸದೊಳಗೆ ಇಟ್ಟುಕೊಂಡು ಹೊರಟಳು.

ಪಿರಿಯಾಪಟ್ಟಣದ ಡಾಕ್ಟರು ಕಾರ್ಡನ್ನು ಎರಡು ಬೆರಳಲ್ಲಿ ಎತ್ತಿ ನೋಡಿದರು. ಸತ್ತ ಇಲಿಯ ಬಾಲ ಹಿಡಿದಂತೆ ಹಿಡಿದಿದ್ದರು.

"ಇದು ಬೆಂಗಳೂರಲ್ಲಿ ನಡೆಯೋದು. ಇಲ್ಲಿ ಗೋಡೆಗೆ ಅಂಟಿಸ್ಕೋ ಹೋಗಮ್ಮ."

ಕೃಷ್ಣರಾಜನಗರದಲ್ಲಿ ಡಾಕ್ಟರ ಮುಖವೇ ಕಾಣಲಿಲ್ಲ. ಅವರ ಹೆಂಡತಿ ಒಳಗಿಂದಲೇ ಕೈಯಾಡಿಸಿ ಹೋಗೆಂದರು. ಹೆಗ್ಗಡದೇವನಕೋಟೆಯಲ್ಲಿ ಯಾರೋ ಒಳ್ಳೆಯವರಿದ್ದಾರೆ ಎಂದು ಬಸ್ಸಿನಲ್ಲಿ ಒಬ್ಬ ಹೇಳಿದ. ಅಲ್ಲಿಗೆ ಹೋದರೆ ಬೀಗ. ಬಸ್ಸಿಲ್ಲದ ಕಡೆ ನಡೆದು ಅವಳ ಹಿಮ್ಮಡಿ ಒಡೆದು ರಕ್ತ ಬಂತು.

ಕೊನೆಗೆ ಹುಣಸೂರಿನಲ್ಲಿ ಒಬ್ಬರು ಸಿಕ್ಕಿದರು. ಅವರ ಭಾವಮೈದ ಬೆಂಗಳೂರಿನ ವಿಮೆ ದವಾಖಾನೆಯಲ್ಲಿದ್ದ. ಕಾರ್ಡಿನ ನಂಬರು ಬರೆದು ಕಳಿಸಿದರೆ ಅವನು ಬಸ್ಸಿನಲ್ಲಿ ಔಷಧಿ ಕಳಿಸುತ್ತಿದ್ದ. ಅದು ಕಾನೂನಿನ ದಾರಿಯಲ್ಲ. ಹಾಗಾಗಿ ಡಾಕ್ಟರು ಬಾಗಿಲ ಕಡೆ ನೋಡಿ ಮೆಲ್ಲಗೆ ಮಾತಾಡಿದರು. ಗಂಡನನ್ನು ಕರೆದುಕೊಂಡು ಬಾ, ನೋಡುತ್ತೇನೆ ಎಂದರು. ಅವಳು ಆವತ್ತು ದಾರಿಯುದ್ದಕ್ಕೂ ಶಿವಶಿವಾ ಎನ್ನುತ್ತ ಮನೆಗೆ ಬಂದಳು.

ಬಂದವಳು ಸುಮ್ಮನಿರಬೇಕಿತ್ತು. ಎಲ್ಲರ ಮುಂದೆ ಹೇಳಿದಳು.

ಕಂಠಪ್ಪನ ಮೊಣಕಾಲ ಕೆಳಗೆ ನೇಗಿಲ ಗುಳ ತಗುಲಿ ಆಗಿದ್ದ ಹುಣ್ಣು ಆರು ತಿಂಗಳಿಂದ ಮಾಯುತ್ತಿರಲಿಲ್ಲ. ಅವನು ಕಾರ್ಡು ಕೇಳಿದ. ಕೇಳಿದ್ದರಲ್ಲಿ ಯಾರಿಗೂ ತಪ್ಪು ಕಾಣಲಿಲ್ಲ. ಒಂದೇ ಒಲೆ, ಒಂದೇ ಕಣಜ. ರೇಷನ್ ಕಾರ್ಡಿನ ಕಾಲ ನೋಡಿದ ಜನ. ಡಿಪೋಗೆ ಮನೆಯವರು ಯಾರು ಹೋದರೂ ಅಕ್ಕಿ ಸಿಗುತ್ತಿತ್ತು, ಯಾರ ಹೊಟ್ಟೆಗೆ ಎಂದು ಯಾರೂ ಕೇಳುತ್ತಿರಲಿಲ್ಲ. ಕೊಟ್ಟು ಕಳಿಸು ಎಂದು ಪುಟ್ಟಮಲ್ಲಪ್ಪನೇ ಹೇಳಿದ. ಕುಪ್ಪಸದೊಳಗಿಂದ ತೆಗೆದು ಕೊಟ್ಟವಳು ಶಿವನಂಜಮ್ಮ.

ಶನಿವಾರ ಕಂಠಪ್ಪ ಹೋಗಿ ಬಂದ. ಕಾಲಿಗೆ ಬಿಳಿ ಪಟ್ಟಿ, ಕೈಯಲ್ಲಿ ಮುಲಾಮಿನ ಡಬ್ಬಿ.

"ಎಸ್ರು ಕೇಳುದ್ರು ಅತ್ಗೆ. ಅಣ್ಣಯ್ಯನ ಎಸ್ರೇ ಏಳ್ಬುಟ್ಟೆ. ಒಂದ್ ದಿನದ ಮಟ್ಟಿಗೆ ನಾನೇ ಮಿಲ್ಲಿನೋನು."

ಎಲ್ಲರೂ ನಕ್ಕರು. ಶಿವನಂಜಮ್ಮನೂ ನಕ್ಕಳು.

ಭಾನುವಾರವೇ ಹೊರಡೋಣ ಎಂದಳು. ಕಾಲು ನೋವು ಎಂದ ಕಂಠಪ್ಪ. ಸೋಮವಾರ ಎತ್ತಿಗೆ ನೊಗ ಹೂಡುವಂತಿಲ್ಲ, ಬಸವಣ್ಣನ ದಿನ. ಮಂಗಳವಾರ ಕಾಯಿಲೆಯವನು ಹೊಸಿಲು ದಾಟಬಾರದು ಎಂದು ಅತ್ತೆ ವೀರಮ್ಮ ಅಡ್ಡ ನಿಂತಳು. ಬುಧವಾರ ಪಿರಿಯಾಪಟ್ಟಣದವರೆಗೆ ಗಾಡಿ, ಅಲ್ಲಿಂದ ಹುಣಸೂರಿಗೆ ಬಸ್ಸು. ಬಸ್ಸಿನಿಂದ ಅಣ್ಣನನ್ನು ಕಂಠಪ್ಪನೇ ಬೆನ್ನ ಮೇಲೆ ಹೊತ್ತು ತಂದು ದವಾಖಾನೆಯ ಬೆಂಚಿನ ಮೇಲೆ ಇಳಿಸಿದ. ಆ ಮಟ್ಟಿಗೆ ಅವನು ಅಣ್ಣನಿಗೆ ಆದ.

ಕಾಂಪೌಂಡರ್ ಕಾರ್ಡು ತೆಗೆದುಕೊಂಡು ಪುಸ್ತಕ ತಿರುವಿದ. ಬೆರಳು ಒಂದು ಸಾಲಿನ ಮೇಲೆ ನಿಂತಿತು.

"ಈ ನಂಬರಿನ ಪುಟ್ಟಮಲ್ಲಪ್ಪ ಶನಿವಾರ ಬಂದಿದ್ದ. ಕಾಲು ಹುಣ್ಣು. ಇವನ್ಯಾರು?"

ಪುಟ್ಟಮಲ್ಲಪ್ಪ ಬಾಯಿ ತೆರೆದ. ಮಾತಿನ ಬದಲು ಕೆಮ್ಮು ಬಂತು. ಕಾಂಪೌಂಡರ್ ಅವಳನ್ನು ಕೇಳಿದ. ನಮ್ಮನೆಯವರು ಎಂದಳು. ಹೆಸರು ಹೇಳು ಎಂದ. ಅವಳು ನೆಲ ನೋಡಿದಳು. ಕಾರ್ಡಿನಲ್ಲೇ ಬರೆದಿದೆ ಎಂದು ಬೆರಳು ತೋರಿಸಿದಳು.

"ಶನಿವಾರದೋನು ತನ್ನ ಹೆಸರು ಪಟ್ ಅಂತ ಹೇಳ್ದ. ಈ ಹೆಂಡ್ತಿಗೆ ಗಂಡನ ಹೆಸರೇ ಗೊತ್ತಿಲ್ಲ" ಎಂದು ಕಾಂಪೌಂಡರ್ ಬೆಂಚಿನವರಿಗೆ ಕೇಳುವಂತೆ ಹೇಳಿದ.

ಹೆಂಗಸು ಗಂಡನ ಹೆಸರು ಹೇಳಬೇಕಾದ ಕಡೆ ಪಕ್ಕದವರು ಹೇಳುತ್ತಾರೆ. ಅದು ನಡೆದು ಬಂದದ್ದು. ಅವಳು ಕಂಠಪ್ಪನ ಕಡೆ ತಿರುಗಿದಳು. ಕಂಠಪ್ಪ ಮೇಲೆ ಕಟ್ಟಿದ್ದ ಪಂಚೆಯನ್ನು ಕಾಲಿನ ಪಟ್ಟಿ ಮುಚ್ಚುವಂತೆ ಇಳಿಬಿಟ್ಟಿದ್ದ. ಶನಿವಾರ ಬಂದಿದ್ದವನು ನಾನು ಎಂದರೆ ಮುಗಿಯುತ್ತಿತ್ತು. ಬಸ್ಸು ಎಷ್ಟೊತ್ತಿಗೋ ಕೇಳಿ ಬರುತ್ತೇನೆ ಎಂದು ಅವನು ಹೊರಗೆ ನಡೆದ.

ಆಗ ಅವಳು ಹೇಳಿದಳು.

"ಪುಟ್ಟಮಲ್ಲಪ್ಪ. ಇವರೇ ಪುಟ್ಟಮಲ್ಲಪ್ಪ."

"ಈಗ ನೆನಪಾಯ್ತಾ?" ಎಂದ ಕಾಂಪೌಂಡರ್.

ಡಾಕ್ಟರು ಒಳಗಿಂದ ಬಂದರು. ಅವಳು ಮೈದುನನ ವಿಷಯ ಒಂದೂ ಮುಚ್ಚದೆ ಹೇಳಿದಳು. ಡಾಕ್ಟರ ಮುಖ ಬಿಳಿಚಿತು. ತಮ್ಮನ್ನು ಸಿಕ್ಕಿಸಲು ಯಾರೋ ಜನ ಕಳಿಸಿದ್ದಾರೆ ಎಂದುಕೊಂಡರೋ ಏನೋ. ಹಾಗಾದರೆ ಅವನನ್ನು ಕರೆದು ತಾ, ಅವನ ಬಾಯಲ್ಲೇ ಕೇಳುತ್ತೇನೆ, ಇಲ್ಲದಿದ್ದರೆ ಮೈಸೂರಿನ ದೊಡ್ಡಾಸ್ಪತ್ರೆಗೆ ಹೋಗಿ ಎಂದರು.

ಕಂಠಪ್ಪ ಬಸ್ಸು ನಿಲ್ಲುವ ಮರದ ಕೆಳಗೆ ಬೀಡಿ ಸೇದುತ್ತಿದ್ದ. ಅವಳು ಕರೆದಳು. ಜೈಲಿಗೆ ಹಾಕುತ್ತಾರೆ, ನನಗೆ ಮೂರು ಮಕ್ಕಳಿವೆ ಎಂದ. ತನಗಿಂತ ಚಿಕ್ಕವನ ಕಾಲನ್ನು ಅವಳು ಜನರೆದುರು ಹಿಡಿದುಕೊಂಡಳು. ಅವನು ಕಾಲು ಎಳೆದುಕೊಂಡ.

"ಬುಡಿ ಅತ್ಗೆ, ಉಣ್ಣು ನೋಯ್ತದೆ."

ಅದೇ ಬಸ್ಸಿನಲ್ಲಿ ಮೂವರೂ ಹಿಂದಕ್ಕೆ ಬಂದರು. ಮರುದಿನ ಅವಳು ಮೈಸೂರಿನ ಮಾತೆತ್ತಿದಳು. ಪುಟ್ಟಮಲ್ಲಪ್ಪ ಗೋಡೆ ಕಡೆ ತಿರುಗಿ ಮಲಗಿದ. ಒಂಬತ್ತನೇ ದಿನ ಸತ್ತ.

ಹೆಣಕ್ಕೆ ವಿಭೂತಿ ಬಳಿದು, ಕೈಯಲ್ಲಿ ಲಿಂಗ ಇಟ್ಟು, ಪಡಸಾಲೆಯಲ್ಲಿ ಕೂರಿಸಿದ್ದರು. ಊರು ನೆರೆದಿತ್ತು. ಕಂಠಪ್ಪ ಎಲ್ಲರಿಗಿಂತ ಜೋರಾಗಿ ಅಳುತ್ತಿದ್ದ. ಹೆಗಲು ಕೊಡಲು ಅವನೇ ಮುಂದೆ ಬಂದ. ಶಿವನಂಜಮ್ಮ ಮೂಲೆಯಿಂದ ಎದ್ದು ಬಂದಳು.

"ಪುಟ್ಟಮಲ್ಲಪ್ಪ" ಎಂದಳು.

ಸತ್ತವನನ್ನು ಕರೆಯುತ್ತಿದ್ದಾಳೆ ಎಂದು ಹೆಂಗಸರು ಗೊಳೋ ಎಂದರು. ಅವಳು ನೋಡುತ್ತಿದ್ದದ್ದು ಕಂಠಪ್ಪನನ್ನು.

"ಪುಟ್ಟಮಲ್ಲಪ್ಪ, ಕಾಲುಣ್ಣು ವಾಸಿ ಆಯ್ತಾ?"

ಅಳು ನಿಂತಿತು. ವೀರಮ್ಮ ಸೊಸೆಯ ಬಾಯಿಗೆ ಕೈ ಅಡ್ಡ ಹಿಡಿದಳು. ಶಿವನಂಜಮ್ಮ ಆ ಕೈ ತೆಗೆದು ಬದಿಗಿಟ್ಟಳು. ಹೆಗಲು ಕೊಡಬಂದವನು ಹಿಂದಕ್ಕೆ ಸರಿದ. ಬೇರೆಯವರು ಎತ್ತಿದರು.

ಅವತ್ತಿನಿಂದ ಅವಳ ಒಲೆ ಬೇರೆ. ಮೈದುನನಿಗೆ ಅವಳ ಬಾಯಲ್ಲಿ ಬೇರೆ ಹೆಸರಿಲ್ಲ. ಬಾವಿಯ ಹತ್ತಿರ, ಅಂಗಡಿಯ ಮುಂದೆ, ನೆಂಟರು ಬಂದಾಗ, ಪುಟ್ಟಮಲ್ಲಪ್ಪ ಎಂದೇ ಕರೆಯುತ್ತಾಳೆ. ಸತ್ತ ಗಂಡನ ಹೆಸರಿನಲ್ಲಿ ಬದುಕಿರುವವನನ್ನು ಕರೆಯಬಾರದು, ಮನೆಗೆ ಕೇಡು ಎಂದು ಊರ ಯಜಮಾನರು ಗುರುಮಲ್ಲಪ್ಪನವರು ಬಂದು ಬುದ್ಧಿ ಹೇಳಿದರು. ಅವಳು ರಾಗಿ ಕೇರುವುದನ್ನು ನಿಲ್ಲಿಸದೆ ಉತ್ತರ ಕೊಟ್ಟಳು.

"ಉಣಸೂರಿನ ಪುಸ್ತಕದಲ್ಲಿ ಅಂಗೇ ಬರ್ದವ್ರೆ ಕಣ್ರೀ. ಅವನು ಓಗಿ ನಾನಲ್ಲ ಅಂತ ಏಳ್ಬುಟ್ಟು ಬರ್ಲಿ. ನಾನು ಬಾಯಿ ಮುಚ್ಕತೀನಿ."

ಹುಣಸೂರಿಗೆ ಬಸ್ಸು ದಿನಾ ಇದೆ. ಕಂಠಪ್ಪ ಹೋಗಿಲ್ಲ. ಅವನ ಹುಣ್ಣು ಕಲೆಯೂ ಕಾಣದಂತೆ ಮಾಯಿತು, ಮುಲಾಮು ಒಳ್ಳೆಯದೇ ಇರಬೇಕು. ಅವಳನ್ನು ಕಂಡರೆ ಈಗ ಅವನು ಮೂರು ಮನೆ ಆಚೆಯ ಸಂದಿಗೆ ತಿರುಗಿಕೊಳ್ಳುತ್ತಾನೆ. ಅವಳು ಇನ್ನಷ್ಟು ಜೋರಾಗಿ ಕೂಗುತ್ತಾಳೆ.