ಒಟಿಲಿಯಾಳ ಭುಜ ಮತ್ತು ಕಚೇರಿಯ ಕಾಗದ

ಸ್ಪೇನಿನ ನಮ್ಮ ಅರೌಸಾ ಕೊಲ್ಲಿಯಲ್ಲಿ ದೋಣಿ ಹತ್ತಿದವನು ಮೀನುಗಾರ. ಕಡಲ ಇಳಿತದ ಹೊತ್ತಿಗೆ ಸೊಂಟದ ಮಟ್ಟದ ನೀರಿನಲ್ಲಿ ನಿಂತು ಕಪ್ಪೆಚಿಪ್ಪು ತೆಗೆಯುವವಳು ಮಾತ್ರ ಯಾರದೋ ಹೆಂಡತಿ. ಅವನ ಬೆನ್ನುನೋವಿಗೆ ಕಡಲು ಕಾರಣ, ಅವಳ ಬೆನ್ನುನೋವಿಗೆ ಮುಟ್ಟು ನಿಂತದ್ದು ಕಾರಣ. ಈ ನ್ಯಾಯ ದೇವರು ಬರೆದದ್ದಲ್ಲ, ಕಾರ್ಮಿಕ ವಿಮೆಯ ಕಚೇರಿಯವರು ಬರೆದದ್ದು. ಹಾಗಾಗಿ ತಿದ್ದಬಹುದು.

ಒಟಿಲಿಯಾಗೆ ಐವತ್ತಾರು. ಮೂವತ್ತೊಂದು ವರ್ಷ ಕೈಯಲ್ಲೇ ಎಳೆಯುವ ಕಬ್ಬಿಣದ ಹಲ್ಲಿನ ಕುಂಟೆಯಿಂದ ಕೆಸರು ಕೆದಕಿ ಅವಳ ಬಲಭುಜದ ಸ್ನಾಯು ಹರಿದಿತ್ತು. ಅದು ಕೆಲಸದಿಂದಲೇ ಆದದ್ದೆಂದು ಕಚೇರಿಯ ವೈದ್ಯ ಬರೆದುಕೊಟ್ಟರೆ ಶಸ್ತ್ರಚಿಕಿತ್ಸೆಗೆ ರಜೆ ಸಿಗುತ್ತದೆ, ಚಿಪ್ಪು ತೆಗೆಯುವ ಪರವಾನಗಿಯೂ ಉಳಿಯುತ್ತದೆ. ಬರೆಯದಿದ್ದರೆ ಹರಿದ ಭುಜದಲ್ಲೇ ನೀರಿಗಿಳಿಯಬೇಕು, ಇಲ್ಲವೇ ಪರವಾನಗಿ ಬಿಟ್ಟುಕೊಡಬೇಕು.

ಮೊದಲ ಸಲ ಅವಳು ನಮ್ಮೂರ ಹೆಂಗಸರೆಲ್ಲ ಮಾಡುವ ತಪ್ಪನ್ನೇ ಮಾಡಿದಳು. ಕೆಸರಿನವಳಂತೆ ಕಾಣಬಾರದೆಂದು ನಿಂಬೆಹಣ್ಣಿನಿಂದ ಉಗುರು ಉಜ್ಜಿ, ಚರ್ಚಿಗೆ ಹಾಕುವ ನೀಲಿ ಕೋಟು ತೊಟ್ಟು, ಕಿವಿಗೆ ಮುತ್ತಿಟ್ಟುಕೊಂಡು ಹೋದಳು. ವೈದ್ಯ ತಲೆಯೆತ್ತಿದ್ದು ಒಂದೇ ಸಲ. 'ಗೃಹಿಣಿ. ವಯಸ್ಸಿಗೆ ಸಹಜವಾದ ನೋವು' ಎಂದು ಗೀಚಿದ.

ಅವಳ ಜೊತೆಗೇ ಚಿಪ್ಪು ತೆಗೆಯುವ ಬಾಲ್ಬಿನಾ ಬಿಡಲಿಲ್ಲ. "ಮದ್ವೆಗೆ ಹೊರಟೋಳ ಥರಾ ಹೋದ್ರೆ ಇನ್ನೇನ್ ಬರೀತಾನೆ? ನನ್ ಗಂಡ ಹೋದಾಗ ಕೋಣೆ ತುಂಬಾ ಮೀನಿನ ವಾಸ್ನೆ. ಅವನನ್ನ ಒಂದ್ ಪ್ರಶ್ನೇನೂ ಕೇಳ್ಲಿಲ್ಲ."

"ನಾಚ್ಕೆ ಆಗುತ್ತಲ್ಲೇ."

"ಅವನಿಗಾಗಲ್ಲ, ನಿಂಗ್ಯಾಕ್ ಆಗ್ಬೇಕು?"

ದುಡಿದ ಮೈಯನ್ನು ಮುಚ್ಚಿಡುವುದೇ ಮರ್ಯಾದೆ ಎಂದು ಹೆಣ್ಣಿಗೆ ಕಲಿಸುವವರು, ಆಮೇಲೆ ದುಡಿಮೆಯ ಗುರುತೆಲ್ಲಿ ಎಂದು ಅವಳನ್ನೇ ಕೇಳುತ್ತಾರೆ. ನನಗೆ ಮೈ ಉರಿಯುವುದು ಇಲ್ಲಿಯೇ.

ಮರುಪರೀಕ್ಷೆಯ ದಿನ ಒಟಿಲಿಯಾ ನೀರಿನಿಂದ ನೇರ ಬಂದಳು. ಎದೆಮಟ್ಟದ ರಬ್ಬರ್ ದಿರಿಸು, ಬೂಟು, ಎಡಗೈಯಲ್ಲಿ ಕುಂಟೆ. ಅದೇ ವೈದ್ಯ.

"ಇಲ್ಲಿ ಗೃಹಿಣಿ ಅಂತಿದೆಯಲ್ಲಮ್ಮ?"

"ಬರೆದೋರು ನೀವು ಡಾಕ್ಟ್ರೇ. ನಾನು ಹೇಳಿದ್ದಲ್ಲ."

ಅವಳು ಕುಂಟೆಯನ್ನು ನೆಲಕ್ಕೂರಿ ಎಳೆದು ತೋರಿಸಿದಳು. ಭುಜ ಅರ್ಧಕ್ಕೇ ನಿಂತಿತು, ಮುಖ ಬಿಳಿಚಿತು. "ಹಿಂಗೆ ನಾಲ್ಕ್ ಗಂಟೆ. ನೀವೊಂದ್ಸಲ ಎಳೀರಿ ನೋಡೋಣ. ಇದು ಒಣನೆಲ, ಕೆಸರು ಅಂದ್ಕೊಂಡು ಎಳೀಬೇಕು."

ಆತ ಎಳೆದ. ನಾಲ್ಕನೆಯ ಸಲಕ್ಕೆ ನಿಲ್ಲಿಸಿ ಕುರ್ಚಿಯಲ್ಲಿ ಕೂತು, ಮೊದಲ ಬಾರಿಗೆ ಪ್ರಶ್ನೆ ಕೇಳತೊಡಗಿದ. ಯಾವ ಕೈ ಮೇಲಿರುತ್ತದೆ, ಎಷ್ಟು ತೂಕ, ವಾರಕ್ಕೆ ಎಷ್ಟು ದಿನ? ಹಾಳೆ ತುಂಬಿದ ಮೇಲೆ 'ಕೆಲಸದಿಂದ ಆದ ಗಾಯ' ಎಂದು ಬರೆದು ಸಹಿ ಹಾಕಿದ.

"ಗೃಹಿಣಿ ಅನ್ನೋದನ್ನೂ ಹೊಡೆದುಹಾಕಿ."

"ಮನೇಲಿ ಅಡುಗೆ ನೀವೇ ಮಾಡೋದಲ್ವಾ?"

"ಮಾಡ್ತೀನಿ. ನಿಮ್ ಹೆಂಡ್ತಿ ಊರಿಗ್ ಹೋದಾಗ ನೀವೂ ಮಾಡ್ತೀರಿ. ಹಂಗಂತ ನಿಮ್ ಕಾಗದದಲ್ಲಿ ಅದನ್ನೇ ಬರೀತಾರಾ?"

ಆತ ನಕ್ಕುಬಿಟ್ಟ. ಗೆರೆ ಎಳೆದು 'ಚಿಪ್ಪು ತೆಗೆಯುವವರು' ಎಂದು ಬರೆದ.

ಶಸ್ತ್ರಚಿಕಿತ್ಸೆಗೆ ದಿನ ಗೊತ್ತಾಗಿದೆ. ಮಂಗಳವಾರದ ಇಳಿತ ಮುಗಿಯುತ್ತಲೇ ಬಾಲ್ಬಿನಾ ತನ್ನ ಊದಿದ ಮಣಿಕಟ್ಟನ್ನು ಅದೇ ವೈದ್ಯನಿಗೆ ತೋರಿಸಲು ಹೊರಟಳು. ಜೊತೆಗೆ ಚಿಪ್ಪು ತೆಗೆಯುವ ಇನ್ನಿಬ್ಬರು ಹೆಂಗಸರು, ಬೂಟು ಕಳಚದೆ.