ಗ್ರಹದ ಸದ್ದಲ್ಲ, ಪಂಪಿನದು ಎಂದ ಅಲಮೇಲು

ಬೆಳಗಿನ ಆರಕ್ಕೇ ಆಸ್ಟಿನ್ ಬಳಿಯ ಲಿಯಾಂಡರ್ ಊರಿನಾಚೆಯ ಹುಲ್ಲುಗಾವಲಿನಲ್ಲಿ ಅಲಮೇಲು ಮಂಡಿಯೂರಿ ಕೂತಿದ್ದಾರೆ. ಆಂಟೆನಾ ಕಂಬದ ಬುಡದ ಡಬ್ಬಿ ತೆರೆದರೆ ಒಳಗೆಲ್ಲ ಕೆಂಪಿರುವೆ. ಬ್ರಷ್‌ನಿಂದ ಗುಡಿಸಿ, ಹಾಳಾದ ವೈರು ಕತ್ತರಿಸಿ, ಹೊಸದನ್ನು ಬೆಸೆಯುತ್ತಾರೆ. ಕೈತುಂಬ ಕಚ್ಚಿದ ಗುಳ್ಳೆಗಳು.

"ದನ ಮೈ ಉಜ್ಜಿ ಕಂಬ ಬಗ್ಗಿಸತ್ತೆ, ಇರುವೆ ವೈರ್ ತಿನ್ನತ್ತೆ. ಎಲ್ರೂ ಆಕಾಶದ ಕೆಲಸ ಅಂತಾರೆ. ನಾನು ನೋಡೋದೆಲ್ಲ ನೆಲವೇ."

ಇಂಥ ಎಪ್ಪತ್ತೆರಡು ಕಂಬಗಳಿವೆ. ಬೇರೆ ನಕ್ಷತ್ರಗಳನ್ನು ಸುತ್ತುವ ಗ್ರಹಗಳಿಂದ ರೇಡಿಯೊ ಸಿಗ್ನಲ್ ಬರುತ್ತದೆಯೇ ಎಂದು ಹುಡುಕುವ ಖಾಸಗಿ ಸಂಶೋಧನಾ ಕೇಂದ್ರ ಇದು. ನಮ್ಮ ಗುರುಗ್ರಹ ಅಂಥ ಸದ್ದು ಮಾಡುತ್ತದೆ, ದೂರದವೂ ಮಾಡುತ್ತಿರಬೇಕು. ಆದರೆ ಈ 2008ರವರೆಗೂ ಇಲ್ಲಿ ಒಂದೂ ಖಚಿತವಾಗಿ ಸಿಕ್ಕಿಲ್ಲ. ಐವತ್ತಾರರ ಅಲಮೇಲು ಮೈಸೂರಿನಲ್ಲಿ ರೇಡಿಯೊ ಜೋಡಿಸುವ ಕಾರ್ಖಾನೆಯಲ್ಲಿ ಹದಿನಾಲ್ಕು ವರ್ಷ ದುಡಿದು, ಅದು ಮುಚ್ಚಿದ ಮೇಲೆ ಗಂಡ ಹಯಗ್ರೀವರ ಜೊತೆ ಆಸ್ಟಿನ್‌ಗೆ ಬಂದು, ಇಲ್ಲಿ ಕಂಬ, ವೈರುಗಳ ರಿಪೇರಿ ಕೆಲಸಕ್ಕೆ ಸೇರಿದವರು. ಮೊದಲ ಮೂರು ವರ್ಷ ಕೇಂದ್ರದ ಎಷ್ಟೋ ವಿಜ್ಞಾನಿಗಳು ಅವರನ್ನು ಕಸ ಗುಡಿಸುವವರೆಂದೇ ತಿಳಿದಿದ್ದರು.

2005ರ ಬೇಸಿಗೆಯಲ್ಲಿ ಸಿಗ್ನಲ್ ಬಂತು. ಮೂರು ದಿನಕ್ಕೊಮ್ಮೆ, ತಪ್ಪದೆ. ಅವರು ಗಮನಿಸುತ್ತಿದ್ದ ಗ್ರಹವೂ ತನ್ನ ನಕ್ಷತ್ರವನ್ನು ಸುತ್ತಲು ಹೆಚ್ಚುಕಡಿಮೆ ಮೂರು ದಿನ ತೆಗೆದುಕೊಳ್ಳುತ್ತಿತ್ತು. ಲೆಕ್ಕ ಹಾಕಿ ಇದನ್ನು ಗುರುತಿಸಿದವರು ಧಾರವಾಡದ ಚಂದ್ರಮೋಹನ, ಕೇಂದ್ರದ ಪ್ರೋಗ್ರಾಮರ್. ವಾರಕ್ಕೊಮ್ಮೆ ಹೆಂಡತಿ ಮಗಳೊಡನೆ ಅಲಮೇಲು ಮನೆಗೆ ಊಟಕ್ಕೆ ಬರುತ್ತಿದ್ದವರು. ಮುಖ್ಯಸ್ಥರು ಪ್ರಬಂಧ ಕಳಿಸಿ ಕೇಕ್ ಕತ್ತರಿಸಿದರು.

ಅಲಮೇಲು ಕೇಕ್ ತಿಂದು, ಇದು ನೆಲದ ಯಾವುದೋ ಯಂತ್ರದ್ದಿರಬಹುದೆಂಬ ಅನುಮಾನದಿಂದ ಕೈಯಲ್ಲೊಂದು ಪುಟ್ಟ ರೇಡಿಯೊ ಹಿಡಿದು ಬೇಲಿಗುಂಟ ನಡೆಯತೊಡಗಿದರು. ಒಂಬತ್ತನೆಯ ದಿನ ಪಕ್ಕದ ದನದ ಫಾರ್ಮಿನ ಹತ್ತಿರ ರೇಡಿಯೊ ಕರಕರ ಅಂದಿತು. ದನದ ತೊಟ್ಟಿಗೆ ನೀರು ತುಂಬುವ ಪಂಪು, ಮೂರು ದಿನಕ್ಕೊಮ್ಮೆ ತಾನಾಗಿ ಓಡುವಂಥದ್ದು. ಫಾರ್ಮಿನವನನ್ನು ಕೇಳಿ ನಿಲ್ಲಿಸಿದರು, ಸಿಗ್ನಲ್ ನಿಂತಿತು. ಮತ್ತೆ ಹಾಕಿಸಿದರು, ಬಂತು.

"ಪ್ರಬಂಧ ಅಚ್ಚಾಗಲಿ, ಆಮೇಲೆ ನೋಡೋಣ" ಎಂದರು ಮುಖ್ಯಸ್ಥರು. ಮರುದಿನದ ಮೀಟಿಂಗ್‌ನಲ್ಲಿ, ಅನುದಾನ ಕೊಡುವವರ ಎದುರೇ, ಅಲಮೇಲು ಎದ್ದು ನಿಂತು ಹೇಳಿಬಿಟ್ಟರು.

ಪ್ರಬಂಧವನ್ನು ಹಿಂದಕ್ಕೆ ಪಡೆಯಬೇಕಾಯಿತು. ತಪ್ಪನ್ನು ತಾವೇ ಪತ್ತೆಹಚ್ಚಿದ್ದಾಗಿ ಮುಖ್ಯಸ್ಥರು ಡಾಲಸ್‌ನ ಸಮ್ಮೇಳನವೊಂದರಲ್ಲಿ ಮಾತಾಡಿ ಚಪ್ಪಾಳೆ ಗಿಟ್ಟಿಸಿದರು. ಅಲಮೇಲು ಹೆಸರು ಎಲ್ಲೂ ಬರಲಿಲ್ಲ. ಅವರ ಕೆಲಸ ಅರ್ಧ ದಿನಕ್ಕಿಳಿಯಿತು. ತಪ್ಪಿನ ಹೊಣೆಯೆಲ್ಲ ಚಂದ್ರಮೋಹನರ ತಲೆಗೆ ಬಂತು. ಕೆಲಸ ಹೋಯಿತು, ಅದರೊಂದಿಗೆ ವೀಸಾ. ಹೆಂಡತಿ ನಳಿನಿ, ಎರಡನೇ ಕ್ಲಾಸಿನ ಮಗಳು ದಿಯಾ ಜೊತೆ ಅವರು ಊರಿಗೆ ಹೊರಟ ದಿನ ಅಲಮೇಲುವೇ ಹ್ಯೂಸ್ಟನ್ ಏರ್‌ಪೋರ್ಟ್‌ವರೆಗೆ ಡ್ರೈವ್ ಮಾಡಿದರು. ಇಳಿಯುವಾಗ ಚಂದ್ರಮೋಹನ ಅಂದದ್ದು ಇಷ್ಟೇ: "ನನಗ ಮೊದಲ ಒಂದ ಮಾತ ಹೇಳಬೇಕಿತ್ರಿ, ಅಕ್ಕಾರ."

ಮೂರು ವರ್ಷವಾಯಿತು. ಅಲಮೇಲು ಫೋನ್ ಮಾಡಿದರೆ ಅತ್ತ ಕಡೆ ಎತ್ತುವುದಿಲ್ಲ.

ಈಗಲೂ ಹೊಸ ಸಿಗ್ನಲ್ ಏನೇ ಬರಲಿ, ಮೊದಲು ಬೇಲಿ ಸುತ್ತುವವರು ಇವರೇ. ಇದುವರೆಗೆ ನಲವತ್ತೊಂದು ಸಿಗ್ನಲ್‌ಗಳ ಮೂಲ ಪತ್ತೆಹಚ್ಚಿದ್ದಾರೆ. ಎಲ್ಲವೂ ಈ ಭೂಮಿಯವೇ. ಮತ್ತೆ ಅಂಥದ್ದೇ ಆದರೆ ಸುಮ್ಮನಿರುತ್ತೀರಾ ಎಂದು ಕೇಳಿದರೆ, ಕೈಯಲ್ಲಿದ್ದುದನ್ನು ಕೆಳಗಿಡುತ್ತಾರೆ.

"ಹೇಳ್ತೀನಿ. ಸುಳ್ಳನ್ನ ನಿಜ ಅಂತ ಕಳಿಸೋಕೆ ನನ್ನ ಕೈಲಾಗಲ್ಲ. ಆದ್ರೆ ಅವತ್ತಿನದೇ ಮತ್ತೆ ಬಂದ್ರೆ, ಮೀಟಿಂಗಿನ ಹಿಂದಿನ ದಿನವೇ ಚಂದ್ರಮೋಹನನ ಮನೆಗೆ ಹೋಗಿ, ಕೂತು, ಮೊದಲು ಅವನಿಗೆ ಹೇಳ್ತೀನಿ. ಅಷ್ಟು ಮಾಡಬೇಕಿತ್ತು ನಾನು."