ಅಯ್ಯಪ್ಪನ ಕಾಡಿಗೆ ಹೋದ ಡೈನೋಸಾರ್

ನನ್ನ ಗಂಡ ಗಾಳಿಬೀಡಿನ ಹತ್ತಿರದ ಶಾಲೆಯಲ್ಲಿ ಒಂದನೇ ತರಗತಿಯ ಮೇಷ್ಟರಾಗಿದ್ದರು. ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಕೆಲವು ವರ್ಷಗಳಾಗಿದ್ದವು. ಎಸ್ಟೇಟ್ ಮಾರಿ ಹೊರಟ ಬಿಳಿ ದೊರೆಯೊಬ್ಬರು ಶಾಲೆಗೆ ಕೊಟ್ಟ ಪುಸ್ತಕಗಳಲ್ಲಿ ಡೈನೋಸಾರ್‌ಗಳ ಚಿತ್ರಪುಸ್ತಕವೂ ಇತ್ತು. ಅದನ್ನು ನೋಡಿಕೊಂಡು ಇವರು ಗದ್ದೆಯ ಜೇಡಿಮಣ್ಣಿನಲ್ಲಿ ನಾಲ್ಕೈದು ಪ್ರಾಣಿಗಳನ್ನು ಮಾಡಿ, ಬಚ್ಚಲೊಲೆಯ ಕೆಂಡದಲ್ಲಿ ಸುಟ್ಟರು. ಮೂರು ಕೊಂಬಿನದು ಮೂರು ಕಲಿಸಲು. ಬೆನ್ನ ಮೇಲೆ ಹತ್ತು ಹಲಗೆ ಇರುವುದು ಹತ್ತರವರೆಗೆ ಎಣಿಸಲು. ಮಕ್ಕಳು ಎಲ್ಲವನ್ನೂ ಉಡ ಎಂದೇ ಕರೆಯುತ್ತಿದ್ದರು. ತಿದ್ದಿ ತಿದ್ದಿ ಸಾಕಾಗಿ ಇವರೂ, "ಆ ಉಡ ಇತ್ತ ಕೊಡು" ಎನ್ನುವಂತಾಯಿತು.

ಒಂದು ಮಳೆಗಾಲ ಇವರಿಗೆ ಜ್ವರ ಬಂದು ಇಳಿಯಲಿಲ್ಲ. ಮಡಿಕೇರಿ ಆಸ್ಪತ್ರೆಗೆ ಸೇರಿಸಿದೆವು. ಅತ್ತೆ ಅಯ್ಯಪ್ಪನಿಗೆ ಮಣ್ಣಿನ ನಾಯಿ ಹರಕೆ ಹೊತ್ತರು. ನಮ್ಮಲ್ಲಿ ಬೇಟೆಯ ದೇವರಿಗೆ ಹಾಗೆ ನಾಯಿ ಒಪ್ಪಿಸುವುದು ರೂಢಿ. ಆದರೆ ಆ ಮಳೆಯಲ್ಲಿ ಕುಂಬಾರನ ಬಳಿ ಸುಟ್ಟ ನಾಯಿ ಒಂದೂ ಇರಲಿಲ್ಲ. ನಾನು ಆಸ್ಪತ್ರೆಯಲ್ಲಿದ್ದಾಗ ಅತ್ತೆ, ಮನೆಯಲ್ಲಿದ್ದ ಹತ್ತು ಹಲಗೆಯದನ್ನು ಎತ್ತಿ ಮೈದುನನ ಕೈಗೆ ಕೊಟ್ಟು ಅಯ್ಯಪ್ಪನ ದೇವರಕಾಡಿಗೆ ಕಳಿಸಿದರು.

"ನಾಯಿ ಅಲ್ವಲ್ಲ ಅದು" ಎಂದೆ, ತಿಳಿದ ಮೇಲೆ.

"ನಾಲ್ಕು ಕಾಲುಟ್ಟು, ಬಾಲ ಉಟ್ಟು. ಇನ್ನೇನ್ ಬೇಕು?" ಎಂದರು ಅತ್ತೆ. ಉಟ್ಟು ಎಂದರೆ ನಮ್ಮ ಅರೆಭಾಷೆಯಲ್ಲಿ ಇದೆ ಎಂದು.

ಇವರಿಗೆ ಹೇಳಿದಾಗ ಮಲಗಿದಲ್ಲೇ ನಕ್ಕರು. "ಅಲ್ಲಿರೋ ನಾಯಿಗಳೆಲ್ಲ ಹೆದ್ರಿ ಓಡಿರಬೇಕು. ಇರ್ಲಿ ಬಿಡು, ನಾನ್ ಬಂದು ಇನ್ನೊಂದು ಮಾಡ್ತೇನೆ."

ಅವರು ಬರಲಿಲ್ಲ. ಶಾಲೆಯಲ್ಲಿದ್ದವು ಒಂದೊಂದಾಗಿ ಮಕ್ಕಳ ಕೈಯಲ್ಲಿ ಒಡೆದುಹೋದವು. ಆಡಲಿಕ್ಕೆಂದೇ ಮಾಡಿದ್ದು, ಯಾರನ್ನು ದೂರುವುದು. ಅವರ ಕೈಯಿಂದ ಆದದ್ದು ಎಂದು ಉಳಿದದ್ದು ಕಾಡಿನೊಳಗಿನದು ಮಾತ್ರ. ಆ ಕಾಡಿಗೆ ಹೆಂಗಸರು ಹೋಗುವಂತಿಲ್ಲ. ಗಂಡಸರೂ ಅಲ್ಲಿಂದ ಒಣಕಡ್ಡಿಯನ್ನು ಸಹ ತರುವಂತಿಲ್ಲ. ಇದೆಲ್ಲ ಗೊತ್ತಿದ್ದೂ ನನಗೆ ಅದು ಬೇಕಿತ್ತು. ಪಾತ್ರೆ ತೊಳೆಯುವಾಗ, ಮೆಣಸು ಒಣಗಿಸುವಾಗ, ಅದನ್ನು ಕೈಯಲ್ಲಿ ಹಿಡಿದರೆ ಎಷ್ಟು ಭಾರವಿದ್ದೀತು ಎಂದು ಯೋಚಿಸುತ್ತಿದ್ದೆ.

ವರ್ಷ ಕಳೆದು ಕಾಡಿನ ಹಬ್ಬ ಬಂದಾಗ ಮೈದುನನನ್ನು ಕೇಳಿಯೇಬಿಟ್ಟೆ. ಅವನು ತಾಯಿಯ ಮುಖ ನೋಡಿದ. ಅತ್ತೆ ನನ್ನ ಪಕ್ಕದಲ್ಲೇ ಇದ್ದರು. "ತಪ್ಪುಕಾಣಿಕೆ ನಾನ್ ಕಟ್ತೇನೆ, ಹೋಗು" ಎಂದು ಅವನಿಗೆ ಹೇಳಿ ಮುಖ ತಿರುಗಿಸಿದರು. ಅವರು ಅಷ್ಟು ಹೇಳಿಯಾರೆಂದು ನಾನು ಎಣಿಸಿರಲಿಲ್ಲ.

ಕಾಡಿನ ಅಂಚಿನಲ್ಲಿ ನಾವಿಬ್ಬರೂ ಕಾದೆವು. ಅವನು ಬರಿಗೈಯಲ್ಲಿ ಬಂದ.

"ಕೈ ಹಾಕ್ದೆ ಅತ್ತಿಗೆ. ಬೇರು ಹಿಡ್ಕೊಂಡುಟ್ಟು. ಎಳೆದ್ರೆ ಕಾಲು ಅಲ್ಲೇ ಉಳಿತದೆ."

"ಎಳೀಬೇಡ" ಎಂದೆ. "ಹಲಗೆ?"

"ಎಂಟು ಉಟ್ಟು."

ಆಮೇಲೆ ಪ್ರತಿ ವರ್ಷ ಹಬ್ಬದ ದಿನ ಅವನು ಹೊರಗೆ ಬರುತ್ತಲೇ, ನಾನು ಕೇಳುವ ಮೊದಲೇ, "ಉಟ್ಟು ಅತ್ತಿಗೆ" ಎನ್ನುತ್ತಿದ್ದ. ಈ ಸಲ ಬಂದವನು ಏನೂ ಹೇಳದೆ ಬಗ್ಗಿ ಚಪ್ಪಲಿ ಹಾಕಿಕೊಂಡ. ಹಾಕಿಕೊಳ್ಳಲು ಬಹಳ ಹೊತ್ತು ತೆಗೆದುಕೊಂಡ. ನಾನು ಕೇಳಲಿಲ್ಲ.